ಎಂಟು ತಂತಿ, ಒಂದು ಹಿಡಿ ಸಾಮಾನು

ಮ್ಯಾಂಡೊಲಿನ್ನಿನ ನಾದವನ್ನು ಎಲ್ಲಕ್ಕಿಂತ ಹೆಚ್ಚಾಗಿ ನುಂಗುವುದು ನುಡಿಸುವವರ ಹೊಟ್ಟೆ. ವಾದ್ಯವನ್ನು ಎದೆಗವಚಿ ಹಿಡಿದ ಕೂಡಲೇ ಅದರ ಬೆನ್ನಿನ ಹಲಗೆ ನಮ್ಮ ಮೈಗೆ ಒರಗುತ್ತದೆ. ಮೀಟಿದ ತಂತಿಯ ಕಂಪನ ತಂತಿಗಳನ್ನು ಹೊತ್ತ ಕುದುರೆಯ ಮೂಲಕ ಮುಂದಿನ ಹಲಗೆಗೆ ಇಳಿದು, ಒಳಗಿನ ಗಾಳಿಯನ್ನು ಅಲುಗಿಸಿ, ಬೆನ್ನಿಗೆ ಬಂದು ಮುಟ್ಟುವಷ್ಟರಲ್ಲಿ ಅಲ್ಲಿ ಅಂಗಿ, ಚರ್ಮ, ಮಾಂಸಗಳ ಮೆತ್ತೆ ಕಾದಿರುತ್ತದೆ. ಬಾರಿಸಿದ ತಬಲಾದ ಮೇಲೆ ಅಂಗೈ ಊರಿದ ಹಾಗೆ ಕಂಪನ ಅಲ್ಲಿಗೇ ನಿಲ್ಲುತ್ತದೆ. ಸಾಲದ್ದಕ್ಕೆ ಬಲಗೈಯ ಮುಂದೋಳು ಮುಂದಿನ ಹಲಗೆಯ ಅಂಚನ್ನು ಒತ್ತಿಕೊಂಡಿರುತ್ತದೆ. ಹಿಂದೆ ಹೊಟ್ಟೆ, ಮುಂದೆ ತೋಳು; ನಡುವೆ ಸಿಕ್ಕಿಬಿದ್ದ ಮರ ಎಷ್ಟೆಂದು ನುಡಿದೀತು?

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ ನೋಡಬಹುದು. ಅತಿ ದಪ್ಪದ ಜಿ ತಂತಿಯ ಜೋಡಿಯನ್ನು ಮೀಟಿ, ನಾದ ಹರಿಯುತ್ತಿರುವಾಗಲೇ ವಾದ್ಯವನ್ನು ಮೈಯಿಂದ ಎರಡು ಬೆರಳಿನಷ್ಟು ದೂರ ಸರಿಸಿ. ಕೆಳಸ್ವರ ತುಂಬಿಕೊಳ್ಳುವುದು ಕಿವಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಮತ್ತೆ ಮೈಗೆ ಒತ್ತಿ, ದನಿ ಒಳಗೆಳೆದುಕೊಳ್ಳುತ್ತದೆ. ಮ್ಯಾಂಡೊಲಿನ್‌ಗೆಂದು ಮಾರಾಟವಾಗುವ ಹತ್ತಾರು ಪುಟ್ಟ ಸಾಮಾನುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಕೇಳುವವರಿಗೆಲ್ಲ ನಾನು ಮೊದಲು ಈ ಪರೀಕ್ಷೆಯನ್ನೇ ಮಾಡಲು ಹೇಳುತ್ತೇನೆ. ಈ ವಾದ್ಯದಲ್ಲಿ ಆರಾಮ ಮತ್ತು ನಾದ ಎರಡು ಬೇರೆ ಸಂಗತಿಗಳಲ್ಲ. ಮೈಗೆ ನೋವು ಕೊಡುವ ಜಾಗದಲ್ಲೇ ಮರದ ದನಿಯೂ ಕಟ್ಟಿಹೋಗಿರುತ್ತದೆ.

ಇಷ್ಟು ಸಣ್ಣ ನಷ್ಟಕ್ಕೆ ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು ಅನ್ನಿಸಬಹುದು. ಮ್ಯಾಂಡೊಲಿನ್ ಬಂಡವಾಳವೇ ಕಡಿಮೆ ಇರುವ ವಾದ್ಯ. ತಂತಿಯ ನುಡಿಯುವ ಉದ್ದ ಸುಮಾರು 35 ಸೆಂಟಿಮೀಟರ್; ಗಿಟಾರಿನಲ್ಲಿ ಅದು 65ರ ಆಸುಪಾಸು. ಪಿಟೀಲಿನ ಅಳತೆಯೂ, ಜಿ-ಡಿ-ಎ-ಇ ಎಂಬ ಶ್ರುತಿಯೂ ಹೆಚ್ಚುಕಡಿಮೆ ಇದೇ ಆದರೂ ಪಿಟೀಲಿಗೆ ಕಮಾನಿದೆ, ಬೇಕಾದಷ್ಟು ಹೊತ್ತು ಸ್ವರವನ್ನು ಎಳೆಯಬಹುದು. ಮ್ಯಾಂಡೊಲಿನ್ನಿನ ಸ್ವರ ಹುಟ್ಟಿದ ಕೂಡಲೇ ಇಳಿಮುಖ. ಅದಕ್ಕಾಗಿಯೇ ತಂತಿಗಳನ್ನು ಜೋಡಿಯಾಗಿ ಕಟ್ಟಿದ್ದು. ಅದಕ್ಕಾಗಿಯೇ ಒಂದೇ ಸ್ವರವನ್ನು ಮೇಲೆ ಕೆಳಗೆ ಬಿರಬಿರನೆ ಮೀಟುವ ಟ್ರೆಮೊಲೊ ಹುಟ್ಟಿದ್ದು. ಎಂಟು ತಂತಿಗಳು ಸೇರಿ ಸುಮಾರು 80 ಕಿಲೋ ತೂಕದಷ್ಟು ಬಿಗಿತವನ್ನು ಆ ಪುಟ್ಟ ಒಡಲಿನ ಮೇಲೆ ಹೇರುತ್ತವೆ. ಅಷ್ಟು ಬಿಗಿತ ಹೊತ್ತೂ ಹಲಗೆ ಸಡಿಲವಾಗಿ ಅಲುಗಬೇಕು. ಇಲ್ಲಿ ಗುಲಗಂಜಿಯಷ್ಟು ನಷ್ಟವೂ ಲೆಕ್ಕಕ್ಕೆ ಬರುತ್ತದೆ.

ಬೆನ್ನಿಗೊಂದು ತಂತಿಯ ಪಂಜರ

ಇಟಲಿಯ ನೇಪಲ್ಸ್‌ನಲ್ಲಿ ಬೆಳೆದ ಹಳೆಯ ಮ್ಯಾಂಡೊಲಿನ್ನಿಗೆ ಬಟ್ಟಲಿನಂಥ ಬೆನ್ನು. ಮೈಗೆ ಅದು ತಾಗುವುದು ಸ್ವಲ್ಪವೇ ಜಾಗದಲ್ಲಿ. ಅದರ ತಾಪತ್ರಯ ಬೇರೆ: ತೊಡೆಯ ಮೇಲೆ ನಿಲ್ಲದೆ ಜಾರುತ್ತದೆ. ಅದಕ್ಕೇ ಆ ಪದ್ಧತಿಯ ವಾದಕರು ತೊಡೆಯ ಮೇಲೆ ಮೆದುಚರ್ಮದ ತುಂಡನ್ನೋ ಜಾರದ ರಬ್ಬರ್ ಬಟ್ಟೆಯನ್ನೋ ಹಾಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ಆರ್ವಿಲ್ ಗಿಬ್ಸನ್ ಪಿಟೀಲಿನಂತೆ ಹಲಗೆಯನ್ನು ಕೆತ್ತಿ ಉಬ್ಬಿಸಿ ಮ್ಯಾಂಡೊಲಿನ್ ಮಾಡುವ ಕ್ರಮಕ್ಕೆ 1898ರಲ್ಲಿ ಪೇಟೆಂಟ್ ಪಡೆದ. ಬಟ್ಟಲು ಹೋಯಿತು, ಮೈಗೆ ಹೊಂದಿ ಕೂರುವ ತೆಳುವಾದ ಒಡಲು ಬಂತು. ಗಿಬ್ಸನ್ ಕಂಪನಿಯಲ್ಲಿ 1919ರಿಂದ 1924ರವರೆಗೆ ಇದ್ದ ಲಾಯ್ಡ್ ಲೋರ್ 1922ರಲ್ಲಿ ಎಫ್-5 ಎಂಬ ಮಾದರಿಯನ್ನು ಹೊರತಂದ. ಬ್ಲೂಗ್ರಾಸ್ ಸಂಗೀತದ ಜನಕ ಎನಿಸಿಕೊಂಡ ಬಿಲ್ ಮನ್ರೋ ಬದುಕಿನ ಬಹುಪಾಲು ನುಡಿಸಿದ್ದು ಲೋರ್ 1923ರ ಜುಲೈ 9ರಂದು ಸಹಿ ಹಾಕಿದ ಅಂಥದೇ ಒಂದು ವಾದ್ಯವನ್ನು. ಇಂದು ಜಗತ್ತಿನಲ್ಲಿ ತಯಾರಾಗುವ ಉಬ್ಬುಹಲಗೆಯ ಮ್ಯಾಂಡೊಲಿನ್‌ಗಳ ಮೂಲಪುರುಷ ಎಫ್-5 ಅಂದರೆ ತಪ್ಪಿಲ್ಲ.

ಹೊಟ್ಟೆಗೂ ಬೆನ್ನಿಗೂ ಜಗಳ ಶುರುವಾದದ್ದು ಈ ಮಾದರಿಯಲ್ಲಿ. ಅದನ್ನು ಬಿಡಿಸಲು ಬಂದದ್ದು ಟೋನ್-ಗಾರ್ಡ್. ಬಾಗಿಸಿದ ಲೋಹದ ಸರಳುಗಳ ಹಗುರ ಪಂಜರ ಅದು. ಮೆತ್ತೆ ಸುತ್ತಿದ ಅದರ ಕಾಲುಗಳು ವಾದ್ಯದ ಅಂಚನ್ನು ಮಾತ್ರ ಕಚ್ಚಿ ಹಿಡಿಯುತ್ತವೆ. ಅಂಚು ಹೇಗೂ ಅಲುಗದ ಜಾಗ, ಅಲ್ಲಿ ಹಿಡಿದರೆ ನಷ್ಟವಿಲ್ಲ. ಮೈಗೆ ತಾಗುವುದು ಸರಳು. ಬೆನ್ನಿನ ಹಲಗೆ ಬಿಡುವಾಗಿ ಉಳಿಯುತ್ತದೆ. ಇದರಿಂದ ಹೆಚ್ಚು ಲಾಭವಾಗುವುದು ಜಿ ಮತ್ತು ಡಿ ತಂತಿಗಳಿಗೆ, ಅದೂ ಮೈಕ್ ಇಲ್ಲದೆ ಕೋಣೆಯಲ್ಲಿ ನುಡಿಸುವಾಗ. ವೇದಿಕೆಯ ಧ್ವನಿವರ್ಧಕದ ಗದ್ದಲದಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟ. ಆದರೂ ನಾನು ಇದನ್ನು ಮೆಚ್ಚುವುದಕ್ಕೆ ಇನ್ನೊಂದು ಕಾರಣವಿದೆ. ವಾದ್ಯ ಮೈಯಿಂದ ತುಸು ದೂರ ನಿಂತಾಗ ಬಲಗೈಯ ಮಣಿಕಟ್ಟಿಗೆ ಜಾಗ ಸಿಗುತ್ತದೆ, ಟ್ರೆಮೊಲೊ ತಾನಾಗಿಯೇ ಸಲೀಸಾಗುತ್ತದೆ. ನಾದಕ್ಕೆಂದು ತಂದ ಸಾಮಾನು ಕೈಯನ್ನು ಹಗುರ ಮಾಡುತ್ತದೆ.

ಕೈಕಸುಬು ಬಲ್ಲವರು ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದೇ ಎಚ್ಚರ: ಅಂಚಿಗೆ ತಾಗುವಲ್ಲಿ ರಬ್ಬರ್ ಅಥವಾ ಅಗ್ಗದ ಪ್ಲಾಸ್ಟಿಕ್ ಬೇಡ. ನೈಟ್ರೋಸೆಲ್ಯುಲೋಸ್ ಮೆರುಗಿನ ಮೇಲೆ ಅವು ದೀರ್ಘಕಾಲ ಕೂತರೆ ಮೆರುಗು ಕರಗಿ ಅಂಟಂಟಾಗುತ್ತದೆ. ಕಾರ್ಕ್, ಉಣ್ಣೆಯ ಫೆಲ್ಟ್ ಅಥವಾ ಚರ್ಮ ಸಾಕು.

ತೋಳಿನ ಕಥೆಯೂ ಹೀಗೆಯೇ. ಪಿಟೀಲಿನವರ ಗದ್ದದಾಸರೆಯನ್ನು ಅಂಚಿಗೆ ಬಿಗಿಯುವ ಕ್ರಮದಲ್ಲೇ ಮ್ಯಾಂಡೊಲಿನ್ನಿಗೆ ತೋಳಾಸರೆ ಬಂದಿದೆ. ಕರಿಮರದ ಅಥವಾ ಮೇಪಲ್‌ನ ನಯವಾದ ಪಟ್ಟಿ, ಅಂಚನ್ನು ಹಿಡಿಯುವ ಎರಡು ತಿರುಪು, ಹಲಗೆಗೂ ಪಟ್ಟಿಗೂ ನಡುವೆ ತುಸು ಬಿಡುವು. ಹಲಗೆಯ ಚೂಪು ಅಂಚು ಮುಂದೋಳಿಗೆ ಕೊರೆಯುವುದು ನಿಲ್ಲುತ್ತದೆ. ಬೆವರಿನಿಂದ ಮೆರುಗು ಕೆಡುವುದೂ ತಪ್ಪುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಅರ್ಧ ತೋಳಿನ ಅಂಗಿ ತೊಟ್ಟು ಅಭ್ಯಾಸ ಮಾಡುವವರಿಗೆ ಇದು ನಾದಕ್ಕಿಂತ ಮೊದಲು ವಾದ್ಯದ ಆಯಸ್ಸಿಗೆ ಬೇಕು. ಇದೇ ಕಾರಣಕ್ಕೆ ಕೆಲವರು ಕತ್ತಿನ ಹಿಂಭಾಗದ ಮೆರುಗನ್ನು ಹೆರೆಸಿ ಬರಿಮರವನ್ನು ಎಣ್ಣೆ ಸವರಿ ಬಿಡುತ್ತಾರೆ. ಬೆವರಿದ ಹೆಬ್ಬೆರಳು ಆಗ ಅಂಟದೆ ಜಾರುತ್ತದೆ.

ಹೆಗಲಪಟ್ಟಿಯ ಬಗ್ಗೆ ಒಂದೇ ಮಾತು. ಕುಳಿತು ನುಡಿಸುವವರಿಗೂ ಅದು ಬೇಕು. ವಾದ್ಯದ ಭಾರ ಹೆಗಲಿಗೆ ಹೋದರೆ ಎಡಗೈ ಕತ್ತನ್ನು ಎತ್ತಿಹಿಡಿಯುವ ಕೂಲಿಯಿಂದ ಬಿಡುಗಡೆಯಾಗಿ ಸ್ವರದ ಕೆಲಸ ಮಾಡುತ್ತದೆ.

ಪಿಕ್ ಎಂಬ ಬೆರಳು

ತಂತಿಗೂ ನಮಗೂ ನಡುವೆ ಇರುವುದು ಪಿಕ್ ಒಂದೇ. ವಾದ್ಯಕ್ಕೆ ಲಕ್ಷ ಸುರಿದವರೂ ಗಿಟಾರ್ ಅಂಗಡಿಯಲ್ಲಿ ಕೊಸರಿಗೆ ಸಿಕ್ಕ ತೆಳು ಪಿಕ್‌ನಲ್ಲಿ ಮೀಟುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ತೆಳು ಪಿಕ್ ತಂತಿಯನ್ನು ತಾಗಿದಾಗ ಮೊದಲು ತಾನೇ ಬಾಗುತ್ತದೆ. ಕೈಯ ಬಲದಲ್ಲಿ ಒಂದಷ್ಟು ಪಿಕ್ಕಿನ ಬಾಗುವಿಕೆಗೇ ಖರ್ಚಾಗಿ, ಉಳಿದದ್ದು ತಂತಿಗೆ ಹೋಗುತ್ತದೆ. ಜೊತೆಗೆ ಟಕ್ ಎಂಬ ಒಣ ಸದ್ದು. ಮ್ಯಾಂಡೊಲಿನ್ ತಂತಿ ಗಿಡ್ಡ, ಬಿಗಿ ಹೆಚ್ಚು, ಅದೂ ಜೋಡಿ. ಅದಕ್ಕೆ ಬಾಗದ ಪಿಕ್ ಬೇಕು. 1 ಮಿಲಿಮೀಟರಿಗಿಂತ ಕಡಿಮೆ ದಪ್ಪದ್ದನ್ನು ನಾನು ಯಾರಿಗೂ ಹೇಳುವುದಿಲ್ಲ, 1.2ರಿಂದ 1.5ರವರೆಗೆ ಬಹುಮಂದಿಗೆ ಹಿಡಿಸುತ್ತದೆ. ಮ್ಯಾಂಡೊಲಿನ್ ವಾದಕ ಡೇವಿಡ್ ಗ್ರಿಸ್‌ಮನ್ ಹೆಸರಿನೊಂದಿಗೆ ಬೆಸೆದುಕೊಂಡ ಪಿಕ್ಕಂತೂ ದಪ್ಪ, ದುಂಡುಮೂಲೆಯದು. ಅದರಿಂದ ಹೊರಡುವ ದನಿ ಕತ್ತಲೆ ಬಣ್ಣದ್ದು, ತುಂಬಿದ್ದು.

ದಪ್ಪದಷ್ಟೇ ಮುಖ್ಯ ಮೂಲೆಯ ಆಕಾರ. ಚೂಪು ಮೂಲೆ ತಂತಿಯ ಮೇಲೆ ಸಣ್ಣ ಜಾಗದಲ್ಲಿ ತಾಗಿ ತೀಕ್ಷ್ಣ ಸ್ವರ ಕೊಡುತ್ತದೆ. ದುಂಡು ಮೂಲೆ ಅಗಲವಾಗಿ ಉಜ್ಜಿ ಮೇಲಿನ ಕಂಪನಗಳನ್ನು ಸವರಿ ಹಾಕುತ್ತದೆ. ತ್ರಿಕೋನದ ಪಿಕ್ ಕೊಂಡರೆ ಮೂರು ಮೂಲೆಗಳನ್ನೂ ಬಳಸಬಹುದು. ಅಂಚಿಗೆ ಇಳಿಜಾರು ಕೊಟ್ಟ ಪಿಕ್ ತಂತಿಗೆ ಸಿಕ್ಕಿಕೊಳ್ಳದೆ ಜಾರಿ ಹೊರಬರುತ್ತದೆ. ಹಳೆಯ ಪಿಕ್ಕಿನ ಅಂಚು ಗರಗಸದಂತೆ ತರಿತರಿಯಾಗಿದ್ದರೆ ನುಣ್ಣನೆಯ ಉಜ್ಜುಕಾಗದದ ಮೇಲೆ ತೀಡಿ, ಒರಟು ಬಟ್ಟೆಯ ಮೇಲೆ ತಿಕ್ಕಿ ಹೊಳಪು ಬರಿಸಬೇಕು. ಆ ತರಿಗಳೇ ತಂತಿಯ ಮೇಲೆ ಸರಬರ ಸದ್ದಾಗಿ ಕೇಳುತ್ತಿರುತ್ತವೆ.

ಒಂದು ಕಾಲಕ್ಕೆ ಅತ್ಯುತ್ತಮ ಪಿಕ್ ಎಂದರೆ ಹಾಕ್ಸ್‌ಬಿಲ್ ಎಂಬ ಕಡಲಾಮೆಯ ಚಿಪ್ಪಿನದು. ಗಡುಸು, ನುಣುಪು, ಬೆರಳಿನ ಬಿಸಿಗೆ ತುಸು ಅಂಟುವ ಗುಣ ಎಲ್ಲ ಅದರಲ್ಲಿತ್ತು. ಆ ಆಮೆಯ ಸಂತತಿಯೇ ಅಳಿವಿನ ಅಂಚಿಗೆ ಬಂತು. ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ತಡೆಯುವ ಸೈಟ್ಸ್ ಒಪ್ಪಂದ 1973ರಲ್ಲಿ ರೂಪುಗೊಂಡು 1975ರಲ್ಲಿ ಜಾರಿಗೆ ಬಂದ ಮೇಲೆ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಬಿತ್ತು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೂ ಅದು ಮೊದಲ ಪಟ್ಟಿಯಲ್ಲಿದೆ. ಹಳೆಯ ಚಿಪ್ಪಿನ ಪಿಕ್ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬಾರದು. ಕಾನೂನಿನ ಭಯಕ್ಕಿಂತ, ಒಂದು ರಾಗಕ್ಕಾಗಿ ಒಂದು ಜೀವ ಹೋಗಬಾರದು ಎಂಬ ಕಾರಣಕ್ಕೆ.

ಬದಲಿ ಹುಡುಕುವ ಹಟದಲ್ಲಿ ಒಳ್ಳೆಯ ವಸ್ತುಗಳು ಬಂದಿವೆ. ಹಾಲಿನ ಪ್ರೋಟೀನಿನಿಂದ ತಯಾರಾಗುವ ಕೇಸಿನ್ ಬೆಚ್ಚಗಿನ ದನಿ ಕೊಡುತ್ತದೆ, ಆದರೆ ಬೆವರು ನೀರಿಗೆ ಬಾಗಿ ಸೊಟ್ಟಗಾಗುತ್ತದೆ. ಅಮೆರಿಕದ ಟೆನೆಸ್ಸಿಯಲ್ಲಿ ತಯಾರಾಗುವ ಬ್ಲೂಚಿಪ್ ಪಿಕ್‌ಗಳು ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ಕಿನವು. ಯಂತ್ರಭಾಗಗಳಿಗೆಂದು ರೂಪಿಸಿದ, ಬಿಸಿಗೂ ಸವೆತಕ್ಕೂ ಜಗ್ಗದ ವಸ್ತು ಅದು. ಒಂದು ಪಿಕ್ಕಿನ ಬೆಲೆ ಸಾವಿರಾರು ರೂಪಾಯಿ ಎಂದರೆ ಹುಬ್ಬೇರುತ್ತದೆ ನಿಜ. ಆದರೂ ವರ್ಷಗಟ್ಟಲೆ ಸವೆಯದೆ, ತಂತಿಯ ಮೇಲೆ ಸದ್ದೇ ಇಲ್ಲದೆ ಸರಿಯುವ ಅದರ ಗುಣ ಕಂಡವರು ಬೇರೆ ಪಿಕ್ಕಿಗೆ ಮರಳುವುದು ಕಡಿಮೆ. ಕಲಿಯುವವರಿಗೆ ಅದು ಅನಿವಾರ್ಯವಲ್ಲ. ಡೆಲ್ರಿನ್ ಪ್ಲಾಸ್ಟಿಕ್ಕಿನ ದಪ್ಪ ಪಿಕ್ ಒಂದು ಊಟದ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ಅದರಲ್ಲಿ ಕೈ ಪಳಗಲಿ.

ಕುದುರೆ ಸರಿಯಿದ್ದರೆ

ಬೆರಳು ನೋಯುತ್ತದೆ ಎಂದು ಮ್ಯಾಂಡೊಲಿನ್ ಬಿಟ್ಟವರು ಬಹಳ. ಅವರಲ್ಲಿ ಅರ್ಧಕ್ಕರ್ಧ ಮಂದಿಯ ತಪ್ಪು ಬೆರಳಿನದಾಗಿರಲಿಕ್ಕಿಲ್ಲ, ತಂತಿಯ ಎತ್ತರದ್ದು. ಹನ್ನೆರಡನೆಯ ಮೆಟ್ಟಿಲಿನ (ಫ್ರೆಟ್) ಮೇಲೆ ತಂತಿ 1.5ರಿಂದ 2 ಮಿಲಿಮೀಟರ್ ಎತ್ತರದಲ್ಲಿದ್ದರೆ ಹಿತ. ತಲೆಯ ಕಡೆಯ ನಟ್ಟಿನಲ್ಲಿ ಗೀರು ಮೇಲಾಗಿದ್ದರೆ ಮೊದಲ ಮೆಟ್ಟಿಲುಗಳಲ್ಲಿ ಬೆರಳು ಕೊಯ್ದುಹೋಗುತ್ತದೆ. ಮೂರನೆಯ ಮೆಟ್ಟಿಲಲ್ಲಿ ತಂತಿ ಒತ್ತಿ ನೋಡಿ; ಆಗ ಮೊದಲ ಮೆಟ್ಟಿಲಿಗೂ ತಂತಿಗೂ ನಡುವೆ ಒಂದು ಕಾಗದ ತೂರುವಷ್ಟೇ ಸಂದಿ ಇರಬೇಕು. ಹೆಚ್ಚಿದ್ದರೆ ಗೀರನ್ನು ತೀಡಿಸಬೇಕು. ಅದು ಅನುಭವಿಯ ಕೆಲಸ, ಒಂದು ಎಳೆ ಹೆಚ್ಚು ಉಜ್ಜಿದರೆ ತಂತಿ ಝೇಂಕರಿಸುತ್ತದೆ. ಬಿರಡೆ ತಿರುಗಿಸುವಾಗ ಟಣ್ ಎಂದು ತಂತಿ ಎಗರುತ್ತಿದ್ದರೆ ಗೀರಿನೊಳಗೆ ಪೆನ್ಸಿಲಿನ ಸೀಸವನ್ನು ಉಜ್ಜಿ. ಗ್ರ್ಯಾಫೈಟ್ ಪುಡಿ ತಂತಿಯನ್ನು ನಯವಾಗಿ ಸರಿಸುತ್ತದೆ. ಖರ್ಚಿಲ್ಲದ ಈ ಉಪಾಯ ಎಷ್ಟೋ ದುಬಾರಿ ಬಿರಡೆಗಳನ್ನು ಕೊಳ್ಳುವುದನ್ನು ತಪ್ಪಿಸಿದೆ.

ಕುದುರೆಯ ಎತ್ತರವನ್ನು ಎರಡು ಪುಟ್ಟ ಗಾಲಿಗಳಿಂದ ಏರಿಸಿ ಇಳಿಸುವ ವ್ಯವಸ್ಥೆ ಗಿಬ್ಸನ್ ಕಾರ್ಖಾನೆಯ ಟೆಡ್ ಮೆಕ್‌ಹ್ಯೂ ಕೊಡುಗೆ. 1921ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಈಗಲೂ ನಮ್ಮ ಕೈಗೆ ಬರುವ ಉಬ್ಬುಹಲಗೆಯ ವಾದ್ಯಗಳಲ್ಲಿ ಅದೇ ಕ್ರಮ. ವೀಣೆಯ ಕುದುರೆ ತನ್ನ ಜಾಗದಲ್ಲಿ ಭದ್ರವಾಗಿ ಕೂತಿರುತ್ತದೆ. ಮ್ಯಾಂಡೊಲಿನ್ನಿನದು ಅಂಟಿಲ್ಲದೆ ತಂತಿಯ ಒತ್ತಡವೊಂದರಿಂದಲೇ ನಿಂತಿರುತ್ತದೆ. ಹಾಗಾಗಿ ಅದರ ಪಾದ ಹಲಗೆಯ ಉಬ್ಬಿಗೆ ಕೂದಲೆಳೆ ಸಂದಿಯೂ ಇಲ್ಲದೆ ಕೂರಬೇಕು. ಅಗ್ಗದ ವಾದ್ಯಗಳಲ್ಲಿ ಪಾದದ ನಡುಭಾಗವೋ ತುದಿಯೋ ಮೇಲೆದ್ದು, ಹಿಂದಿನಿಂದ ದೀಪ ಹಿಡಿದರೆ ಬೆಳಕು ತೂರುತ್ತದೆ. ಬೆಳಕು ತೂರುವ ಜಾಗದಲ್ಲಿ ನಾದ ದಾಟದು. ಹಲಗೆಯ ಮೇಲೆ ಉಜ್ಜುಕಾಗದವನ್ನು ಒರಟುಬದಿ ಮೇಲಾಗಿ ಹಾಸಿ, ಅದರ ಮೇಲೆ ಪಾದವನ್ನು ತಿಕ್ಕಿ ತಿಕ್ಕಿ ಉಬ್ಬಿನ ಆಕಾರ ಬರಿಸುತ್ತಾರೆ. ಹೊಸ ತಂತಿ, ಹೊಸ ಪಿಕ್, ಹೊಸ ತೋಳಾಸರೆ ಎಲ್ಲಕ್ಕಿಂತ ಮೊದಲು ನಾನು ಹಣ ಖರ್ಚು ಮಾಡಿಸುವುದು ಇದಕ್ಕೆ.

ತಂತಿಗಳನ್ನು ಬದಲಿಸುವಾಗ ಎಲ್ಲವನ್ನೂ ಒಮ್ಮೆಗೇ ಬಿಚ್ಚಿದರೆ ಕುದುರೆ ಉರುಳುತ್ತದೆ. ಒಂದೊಂದೇ ಬಿಚ್ಚಿ ಕಟ್ಟಬೇಕು. ಆಮೇಲೆ ಜಾಗ ಪರೀಕ್ಷೆ: ಹನ್ನೆರಡನೆಯ ಮೆಟ್ಟಿಲಿನ ಮೇಲೆ ಬೆರಳು ಹಗುರವಾಗಿ ತಾಗಿಸಿ ಹೊರಡಿಸಿದ ಸ್ವರವೂ, ಅಲ್ಲೇ ಒತ್ತಿ ಮೀಟಿದ ಸ್ವರವೂ ಒಂದೇ ಇರಬೇಕು. ಒತ್ತಿದ್ದು ಏರಿದ್ದರೆ ಕುದುರೆಯನ್ನು ಬಾಲದ ಕಡೆ ಸರಿಸಿ, ಇಳಿದಿದ್ದರೆ ಕತ್ತಿನ ಕಡೆಗೆ.

ಇನ್ನು ತಂತಿ. ಉಬ್ಬುಹಲಗೆಯ ವಾದ್ಯಕ್ಕೆ ಫಾಸ್ಫರ್ ಬ್ರಾಂಜ್ ಸುತ್ತಿದ ಮಧ್ಯಮ ಗಾತ್ರದ್ದು ರೂಢಿ. ಇ ತಂತಿ 0.011 ಇಂಚಿನಿಂದ ಜಿ ತಂತಿ 0.040 ಇಂಚಿನವರೆಗೆ. ಬೆರಳು ಇನ್ನೂ ಗಟ್ಟಿಯಾಗದವರು ಒಂದು ಅಳತೆ ಕೆಳಗಿನ, 0.010ರಿಂದ ಶುರುವಾಗುವ ಹಗುರ ಜೊತೆಯನ್ನು ಹಾಕಿಕೊಳ್ಳಬಹುದು. ದನಿ ತುಸು ತೆಳುವಾಗುತ್ತದೆ, ಆದರೆ ದಿನಾ ಒಂದು ಗಂಟೆ ನುಡಿಸುವ ಹುರುಪು ಉಳಿಯುತ್ತದೆ. ಚಪ್ಪಟೆ ಸುತ್ತಿನ ತಂತಿಗಳು ದುಬಾರಿ, ಆದರೆ ಬೆರಳು ಜಾರಿಸಿದಾಗ ಕಿರ್ ಎನ್ನುವುದಿಲ್ಲ. ಜಾರು, ಗಮಕ ಹೆಚ್ಚಿರುವ ನಮ್ಮ ಸಂಗೀತಕ್ಕೆ ಅವು ಹೊಂದುತ್ತವೆ. ವೀಣೆಯವರಂತೆ ಬೆರಳಿಗೆ ಎಣ್ಣೆ ಸವರಿಕೊಳ್ಳುವ ಅಭ್ಯಾಸ ಮಾತ್ರ ಇಲ್ಲಿ ಬೇಡ. ಸುತ್ತಿನ ಸಂದುಗಳಲ್ಲಿ ಎಣ್ಣೆಯೂ ಧೂಳೂ ಸೇರಿ ತಂತಿ ಬೇಗ ಮಂಕಾಗುತ್ತದೆ.

ಕಂಪನವನ್ನು ಬಿಡುವುದಷ್ಟೇ ಅಲ್ಲ, ಬೇಡದ್ದನ್ನು ತಡೆಯುವುದೂ ಉಂಟು. ಕುದುರೆಗೂ ಬಾಲಕ್ಕೂ ನಡುವಿನ ತಂತಿಯ ತುಂಡು ಮೀಟದೆಯೂ ತಾನಾಗಿ ರಿಂಗಣಿಸುತ್ತದೆ. ಗಕ್ಕನೆ ನಿಲ್ಲಿಸಿದ ಸ್ವರದ ಬೆನ್ನಿಗೆ ಶ್ರುತಿಗೆ ಹೊಂದದ ಚೂರುದನಿ ಉಳಿಯುತ್ತದೆ. ಜೋಡಿ ತಂತಿಗಳ ನಡುವೆ ಪುಟ್ಟ ರಬ್ಬರ್ ಉಂಗುರ ತೂರಿಸಿದರೆ, ಅಥವಾ ಚರ್ಮದ ಪಟ್ಟಿಯನ್ನು ತಂತಿಗಳ ಮೇಲೆ ಕೆಳಗೆ ಹೆಣೆದರೆ ಅದು ಮೌನವಾಗುತ್ತದೆ. ಬಾಲದ ತಗಡಿನ ಮುಚ್ಚಳ ಗರಗರ ಎಂದರೆ ಒಳಗೆ ಫೆಲ್ಟ್ ತುಂಡು ಇಟ್ಟರಾಯಿತು. ಇದರ ವಿರುದ್ಧ ದಿಕ್ಕಿನ ಪ್ರಯತ್ನವನ್ನೂ ಲೋರ್ ಕಾಲದಲ್ಲಿ ಮಾಡಿ ನೋಡಿದ್ದರು. ನ್ಯೂಯಾರ್ಕಿನ ವಿರ್ಜಿ ಸೋದರರ ಸ್ಪ್ರೂಸ್ ಮರದ ತೆಳುಬಿಲ್ಲೆಯನ್ನು ಮುಂದಿನ ಹಲಗೆಯ ಒಳಗೆ ತೂಗುಹಾಕಿ ನಾದ ಹೆಚ್ಚಿಸುವ ಆಸೆ ಅದು. ಎಷ್ಟೋ ಮಂದಿ ಮುಂದೆ ಆ ಬಿಲ್ಲೆಯನ್ನು ಕಳಚಿಸಿದರು. ಹಲಗೆಗೆ ಭಾರ ಸೇರಿಸಿ ದನಿ ಹೆಚ್ಚಿಸುವುದು ಕಷ್ಟ ಎಂಬುದು ನನ್ನ ನಿಲುವೂ ಹೌದು.

ಶ್ರೀನಿವಾಸ್ ಹಿಡಿದ ದಾರಿ

ದಕ್ಷಿಣ ಭಾರತದಲ್ಲಿ ಮ್ಯಾಂಡೊಲಿನ್ ಅಂದರೆ ಯು. ಶ್ರೀನಿವಾಸ್. ಆಂಧ್ರದ ಪಾಲಕೊಲ್ಲಿನಲ್ಲಿ 1969ರಲ್ಲಿ ಹುಟ್ಟಿ, 2014ರಲ್ಲಿ 45ನೆಯ ವಯಸ್ಸಿಗೇ ತೀರಿಹೋದ ಅವರು ಈ ವಾದ್ಯವನ್ನು ಕರ್ನಾಟಕ ಸಂಗೀತ ಕಛೇರಿಯ ನಡುಮಧ್ಯೆ ತಂದು ಕೂರಿಸಿದರು. ಗುರು ರುದ್ರರಾಜು ಸುಬ್ಬರಾಜು ಅವರಿಗೆ ಮ್ಯಾಂಡೊಲಿನ್ ಬರುತ್ತಿರಲಿಲ್ಲ. ಅವರು ಹಾಡಿ ತೋರಿಸಿದ್ದನ್ನು ಹುಡುಗ ತಂತಿಯಲ್ಲಿ ಹುಡುಕಿಕೊಂಡ. ಹಾಡಿದಂತೆ ನುಡಿಸಬೇಕೆಂದರೆ ಎರಡು ಅಡ್ಡಿ. ಜೋಡಿ ತಂತಿಯನ್ನು ಗಮಕಕ್ಕೆ ಎಳೆದರೆ ಎರಡೂ ಒಂದೇ ಸಮ ಬಾಗದೆ ಶ್ರುತಿ ಒಡೆಯುತ್ತದೆ. ಎಳೆದ ಸ್ವರ ಉಳಿಯಬೇಕಾದಷ್ಟು ಹೊತ್ತು ಮರದ ಪೆಟ್ಟಿಗೆ ನುಡಿಯುವುದಿಲ್ಲ. ಶ್ರೀನಿವಾಸ್ ಜೋಡಿ ಬಿಟ್ಟು ಒಂಟಿ ತಂತಿಗಳಿಗೆ ಬಂದರು, ನಾಲ್ಕಕ್ಕೆ ನಿಲ್ಲದೆ ಐದಾಗಿಸಿದರು, ಪೊಳ್ಳು ಒಡಲು ಬಿಟ್ಟು ಗಟ್ಟಿಮರದ ಎಲೆಕ್ಟ್ರಿಕ್ ವಾದ್ಯ ಹಿಡಿದರು.

ಆ ಬಗೆಯ ವಾದ್ಯಕ್ಕೆ ಟೋನ್-ಗಾರ್ಡ್ ಕೊಂಡರೆ ಹಣ ದಂಡ. ಅಲ್ಲಿ ಹೊಟ್ಟೆ ತಡೆಯುವಂಥ ಕಂಪನವೇ ಇಲ್ಲ. ಪಿಕಪ್ಪಿನ ಅಯಸ್ಕಾಂತ ನೇರವಾಗಿ ಉಕ್ಕಿನ ತಂತಿಯ ಅಲುಗಾಟವನ್ನು ಓದುತ್ತದೆ. ಹಾಗಾಗಿ ಬೇಕಾದ ಸಾಮಾನೂ ಬೇರೆ. ಬ್ರಾಂಜ್ ಸುತ್ತಿಗೆ ಅಯಸ್ಕಾಂತದ ಸ್ಪಂದನವಿಲ್ಲ, ಒಳಗಿನ ಉಕ್ಕಿನ ಎಳೆಯಷ್ಟೇ ಕೇಳಿಸುತ್ತದೆ, ಕೆಳತಂತಿಗಳು ಸೊರಗುತ್ತವೆ. ನಿಕ್ಕಲ್ ಲೇಪದ ಉಕ್ಕು ಸುತ್ತಿದ ತಂತಿಯೇ ಇಲ್ಲಿಗೆ ಸರಿ. ಚಕ್ಕಂಬಕ್ಕಳ ಹಾಕಿ ಕೂರುವ ನಮ್ಮ ಪದ್ಧತಿಯಲ್ಲಿ ಗಟ್ಟಿಮರದ ಸಪೂರ ಒಡಲು ತೊಡೆಯ ಮೇಲಿಂದ ಸರಿದುಹೋಗುತ್ತಿರುತ್ತದೆ. ನೇಪಲ್ಸ್‌ನವರ ಮೆದುಚರ್ಮದ ತುಂಡು ಇಲ್ಲೂ ಕೆಲಸಕ್ಕೆ ಬರುತ್ತದೆ, ರೇಷ್ಮೆ ಪಂಚೆಯ ಮೇಲಂತೂ ಅದಿಲ್ಲದೆ ಆಗದು.

ನಮ್ಮ ರಾಜ್ಯದಲ್ಲಿ ಪೊಳ್ಳು ಒಡಲಿನ ಮ್ಯಾಂಡೊಲಿನ್ ಇಟ್ಟುಕೊಂಡವರು ಗಾಳಿಯ ತೇವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಪೇಕ್ಷ ಆರ್ದ್ರತೆ ಶೇ 40ರಿಂದ 55ರ ನಡುವೆ ಇದ್ದರೆ ಮರಕ್ಕೆ ಹಿತ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬೆಂಗಳೂರು, ಕಲಬುರಗಿಯಂಥ ಊರುಗಳಲ್ಲಿ ಗಾಳಿ ಒಣಗಿ ಹಲಗೆ ಕುಗ್ಗುತ್ತದೆ, ತಂತಿ ಕೆಳಗಿಳಿದು ಮೆಟ್ಟಿಲಿಗೆ ತಾಗಿ ಝರ್ ಎನ್ನುತ್ತದೆ. ಮೆಟ್ಟಿಲ ತುದಿಗಳು ಪಟ್ಟಿಯ ಅಂಚಿನಿಂದ ಹೊರಚಾಚಿ ಬೆರಳಿಗೆ ಚುಚ್ಚತೊಡಗುತ್ತವೆ. ಕೇಸಿನೊಳಗೆ ಒದ್ದೆ ಸ್ಪಂಜಿನ ತೂತುಡಬ್ಬಿ ಇಡುವುದು ಆಗ. ಕರಾವಳಿಯಲ್ಲಿ ಜೂನ್ ಬಂತೆಂದರೆ ಇದೆಲ್ಲ ತಿರುವುಮುರುವು. ಹಲಗೆ ತೇವ ಕುಡಿದು ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ದನಿ ಗಂಟಲು ಕಟ್ಟಿದಂತಾಗುತ್ತದೆ. ಅಲ್ಲಿ ಬೇಕಾದದ್ದು ಸಿಲಿಕಾ ಜೆಲ್ ಪೊಟ್ಟಣ, ನುಡಿಸಿದ ಮೇಲೆ ತಂತಿಯ ಕೆಳಬದಿಯನ್ನೂ ಸೇರಿಸಿ ಒರೆಸಲು ಒಣ ಹತ್ತಿಬಟ್ಟೆ, ಮತ್ತು ಕುದುರೆಯ ಗಾಲಿಯನ್ನು ಋತುವಿಗೊಮ್ಮೆ ತುಸು ತಿರುಗಿಸುವ ತಾಳ್ಮೆ. ಗಾಲಿ ತಿರುಗಿಸುವ ಮೊದಲು ಆ ಬದಿಯ ತಂತಿಗಳನ್ನು ಸಡಿಲಿಸಿಕೊಳ್ಳಿ. ಬಿಗಿತದಲ್ಲೇ ತಿರುಗಿಸಿದರೆ ತಿರುಪಿನ ಎಳೆ ಸವೆಯುತ್ತದೆ.